ಪರೀಕ್ಷೆಯ ವಾರದಲ್ಲಿ ಮಕ್ಕಳ ಪಾಠ ಯಾರು ನೋಡಿಕೊಳ್ಳುತ್ತಾರೆ?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ, ನಮ್ಮ ಸಭೆಯ ಯೌವನಸ್ಥರ ಕೂಟದಲ್ಲಿದ್ದೇನೆ. ಈ ವರ್ಷ ಸಂಡೇ ಸ್ಕೂಲಿನ ಒಂದು ತರಗತಿ, ಬಡ ಕುಟುಂಬಗಳ ಮಕ್ಕಳಿಗೆ ಸಂಜೆ ಪಾಠ, ವೃದ್ಧಾಶ್ರಮದ ಭೇಟಿ, ಈ ಮೂರನ್ನೂ ವಹಿಸಿಕೊಳ್ಳಬೇಕೆಂದು ಸಭಾಪಾಲಕರು ಕೇಳಿದ್ದಾರೆ. ಆಗದು ಎನ್ನಲು ಬಾಯಿ ಬರುತ್ತಿಲ್ಲ. ಕಳೆದ ಸೆಮಿಸ್ಟರಿನ ಒಂದು ವಿಷಯ ಬಾಕಿ ಉಳಿದಿದೆ, ತಂದೆತಾಯಿಗೆ ಬೇಸರವಾಗಿದೆ. ಪುಸ್ತಕ ಹಿಡಿದರೆ ದೇವರ ಕೆಲಸ ಬಿಟ್ಟು ನನ್ನದನ್ನು ನೋಡಿಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ, ಸೇವೆಗೆ ಹೋದರೆ ಓದು ನೆನಪಾಗುತ್ತದೆ. ಇದರ ನಡುವೆ ಪ್ರಾರ್ಥನೆಯೂ ಒಣಗಿದೆ. ಒಂದು ವರ್ಷ ಕಾಲೇಜು ಬಿಟ್ಟು ಪೂರ್ತಿ ಸೇವೆಗೆ ನಿಲ್ಲಲೇ?

ಉತ್ತರ:

ಪ್ರಿಯ ಸಹೋದರಿ,

ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಉಳಿದ ಮಾತುಗಳಿಗೆ ನೆಲೆಯಿರುವುದಿಲ್ಲ. ಈ ವರ್ಷ ಕಾಲೇಜು ಬಿಡಬೇಡಿ. ಓದಿನ ನಡುವೆ ಒಂದು ವರ್ಷವನ್ನು ಸೇವೆಗೆ ಮೀಸಲಿಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ವಿದ್ಯಾರ್ಥಿಗಳ ನಡುವೆ ಆಪ್ತಸಲಹೆಯ ಕೆಲಸ ಮಾಡುತ್ತಾ ಬಂದಿರುವ ನನಗೆ ಹಾಗೆ ಹೋಗಿ ಗಟ್ಟಿಯಾಗಿ ಮರಳಿದವರ ಪರಿಚಯವಿದೆ. ಆದರೆ ಅವರು ಹೊರಡುವ ಮೊದಲೇ ಕಾಲೇಜಿಗೆ ಮತ್ತೆ ಸೇರಿಕೊಳ್ಳುವ ಅನುಮತಿಯನ್ನು ಬರವಣಿಗೆಯಲ್ಲಿ ಪಡೆದಿದ್ದರು, ತಮ್ಮ ದಿನಚರಿಗೆ ಹೊಣೆಯಾಗುವ ಮೇಲ್ವಿಚಾರಕರಿರುವ ಸಂಸ್ಥೆಯನ್ನು ಆರಿಸಿಕೊಂಡಿದ್ದರು, ಊಟ ವಸತಿಯ ಖರ್ಚು ಎಲ್ಲಿಂದ ಬರುತ್ತದೆಂದು ವಿಚಾರಿಸಿಕೊಂಡಿದ್ದರು. ನಿಮ್ಮ ಪತ್ರದಲ್ಲಿ ಇವುಗಳ ಸುಳಿವಿಲ್ಲ. ಇರುವುದು ಬಾಕಿ ಉಳಿದ ಪರೀಕ್ಷೆ, ಮನೆಯವರ ಬೇಸರ ಮತ್ತು ದಣಿವು. ದಣಿದಾಗ ಕೈಗೊಂಡ ನಿರ್ಧಾರದಲ್ಲಿ ದೇವರ ಕರೆ ಎಷ್ಟು, ತಪ್ಪಿಸಿಕೊಳ್ಳುವ ಆಸೆ ಎಷ್ಟು ಎಂದು ಬೇರ್ಪಡಿಸಿ ನೋಡುವುದು ಯಾರಿಗೂ ಸುಲಭವಲ್ಲ. ಪದವಿ ಮುಗಿದ ಮೇಲೂ ಆ ಬಯಕೆ ಹಾಗೆಯೇ ಉಳಿದಿದ್ದರೆ ಆಗ ಒಂದು ವರ್ಷ ಕೊಡಿ. ಕೊಡುವುದಕ್ಕೆ ನಿಮ್ಮಲ್ಲಿ ಆಗ ಹೆಚ್ಚೇ ಇರುತ್ತದೆ.

ಓದುವಾಗ ದೇವರ ಕೆಲಸ ಬಿಟ್ಟಂತೆ ಅನ್ನಿಸುತ್ತದೆ ಎಂದಿದ್ದೀರಿ. ಭಕ್ತಿವಂತ ವಿದ್ಯಾರ್ಥಿಗಳು ಈ ಮಾತನ್ನು ಆಗಾಗ ಹೇಳುತ್ತಾರೆ, ನಾನು ಅದನ್ನು ಒಮ್ಮೆಯೂ ಒಪ್ಪಿಲ್ಲ. ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ನೋಡಿ. ಸೆರೆಯಾಗಿ ಬಾಬಿಲೋನಿಗೆ ಹೋದ ಆ ಯುವಕರಿಗೆ ಅರಸನು ಗೊತ್ತುಮಾಡಿದ್ದು ಮೂರು ವರ್ಷಗಳ ಶಿಕ್ಷಣ. ಕಲಿಯಬೇಕಾದದ್ದು ಕಸ್ದೀಯರ ಭಾಷೆ ಮತ್ತು ಸಾಹಿತ್ಯ, ಅಂದರೆ ತಮ್ಮನ್ನು ಸೆರೆಹಿಡಿದವರ ವಿದ್ಯೆ. ಅರಸನ ಭೋಜನವನ್ನು ಅವರು ಬೇಡವೆಂದರು, ಪಾಠವನ್ನು ಬೇಡವೆನ್ನಲಿಲ್ಲ. ಅಷ್ಟೇ ಅಲ್ಲ, ಆ ವಿದ್ಯೆಯಲ್ಲಿ ಪ್ರವೀಣತೆಯನ್ನು ಕೊಟ್ಟವನು ದೇವರೇ ಎಂದು ಗ್ರಂಥ ಹೇಳುತ್ತದೆ. ನೀವು ವಿಜ್ಞಾನದ ವಿದ್ಯಾರ್ಥಿನಿಯಾದ್ದರಿಂದ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಗ್ರೆಗೋರ್ ಮೆಂಡೆಲ್ ಹೆಸರನ್ನು ಪಠ್ಯದಲ್ಲಿ ಓದಿಯೇ ಇರುತ್ತೀರಿ. ಅವರು ಅಗಸ್ಟೀನಿಯನ್ ಮಠದ ಸನ್ಯಾಸಿ. 1856ರಿಂದ 1863ರವರೆಗೆ ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ ಎಣಿಸಿದ್ದು ಅವರ ಸನ್ಯಾಸದ ಹೊರಗೆ ನಡೆದ ಕೆಲಸವಾಗಿರಲಿಲ್ಲ.

ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರವಾದ ಉದಾಹರಣೆ ಫ್ರೆಡರಿಕ್ ಓಜನಾಂ ಅವರದು. ಅವರು 1831ರಲ್ಲಿ ಕಾನೂನು ಓದಲು ಪ್ಯಾರಿಸ್‌ಗೆ ಬಂದರು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಅವರು ಧರ್ಮಸಭೆಯ ಹಿಂದಿನ ಸಾಧನೆಗಳನ್ನು ಎತ್ತಿ ಹೇಳಿದಾಗ, ಇಂದಿನ ಬಡವರಿಗಾಗಿ ನೀವು ಏನು ಮಾಡುತ್ತಿದ್ದೀರಿ ಎಂಬ ಸವಾಲು ಎದುರಾಯಿತು. ಆ ಸವಾಲಿನಿಂದಲೇ 1833ರ ಏಪ್ರಿಲ್ 23ರಂದು ಸಂತ ವಿನ್ಸೆಂಟ್ ದೆ ಪಾಲ್ ಸಂಘದ ಮೊದಲ ಸಭೆ ಸೇರಿತು. ಆಗ ಓಜನಾಂ ವಯಸ್ಸು 20. ಇಲ್ಲಿ ಗಮನಿಸಬೇಕಾದದ್ದು ಅವರ ಉತ್ಸಾಹಕ್ಕಿಂತ ಅವರು ಕೆಲಸ ಹೂಡಿದ ರೀತಿ. ಬಡವರ ಮನೆಗಳನ್ನು ಬಲ್ಲ ಸಿಸ್ಟರ್ ರೊಸಾಲಿ ರಾಂದು ಅವರ ಬಳಿ ಹೋಗಿ, ಎಲ್ಲಿಗೆ ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿ ಕಲಿತರು. ಹತ್ತಾರು ಯೋಜನೆಗಳನ್ನು ಹಾಕಿಕೊಳ್ಳದೆ ಬಡ ಕುಟುಂಬಗಳನ್ನು ಅವರವರ ಮನೆಯಲ್ಲಿಯೇ ಭೇಟಿಮಾಡುವುದೊಂದನ್ನೇ ಮುಖ್ಯ ಕೆಲಸವಾಗಿ ಹಿಡಿದರು. ಓದನ್ನೂ ಬಿಡಲಿಲ್ಲ: ಓಜನಾಂ 1836ರಲ್ಲಿ ಕಾನೂನಿನಲ್ಲಿ, 1839ರಲ್ಲಿ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು ಮುಂದೆ ಪ್ಯಾರಿಸ್‌ನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಇನ್ನೂ ಮುಖ್ಯವಾಗಿ, ಕೆಲಸ ಒಬ್ಬರ ಹೆಗಲ ಮೇಲೆ ಇರಲಿಲ್ಲವಾದ್ದರಿಂದ ಅವರು 1853ರಲ್ಲಿ ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ.

ಈಗ ನಿಮಗೆ ವಹಿಸಲು ಹೊರಟಿರುವ ಮೂರು ಕೆಲಸಗಳನ್ನು ನೋಡೋಣ. ಇವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಮೂರಕ್ಕೂ ಸೇರಿ ವಾರಕ್ಕೆ ನಾಲ್ಕೈದು ಗಂಟೆಯಷ್ಟೇ ತಾನೇ ಎಂದು ಸಭೆಯ ಹಿರಿಯರು ಹೇಳಬಹುದು; ಅವರು ಎಣಿಸುವುದು ಮಕ್ಕಳ ಮುಂದೆ ಅಥವಾ ವೃದ್ಧರ ಪಕ್ಕದಲ್ಲಿ ಕುಳಿತ ಹೊತ್ತನ್ನು. ಸಂಡೇ ಸ್ಕೂಲಿನ ಒಂದು ಗಂಟೆಯ ಪಾಠಕ್ಕೆ ಶನಿವಾರ ಸಂಜೆಯೆಲ್ಲ ತಯಾರಿ ಬೇಕು, ಹೋಗಿ ಬರುವ ಹೊತ್ತು ಬೇರೆ, ಬಾರದ ಮಗುವಿನ ಮನೆಗೆ ಫೋನ್ ಮಾಡುವುದು ಬೇರೆ. ವೃದ್ಧಾಶ್ರಮದ ಭೇಟಿ ಗಡಿಯಾರದ ಲೆಕ್ಕದಲ್ಲಿ ಚಿಕ್ಕದು, ಮನಸ್ಸಿನ ಲೆಕ್ಕದಲ್ಲಿ ಬಹಳ ದೊಡ್ಡದು. ಪ್ರತಿವಾರ ನಿಮ್ಮ ಕೈ ಹಿಡಿದುಕೊಂಡು ಮಾತಾಡುತ್ತಿದ್ದ ಅಜ್ಜಿಯ ಹಾಸಿಗೆ ಒಂದು ದಿನ ಖಾಲಿಯಾಗಿದ್ದರೆ, ಮರುದಿನದ ಪ್ರಾಕ್ಟಿಕಲ್‌ಗೆ ನೀವು ಯಾವ ಮನಸ್ಸಿನಿಂದ ಹೋಗುತ್ತೀರಿ ಎಂಬುದನ್ನು ಯಾವ ವೇಳಾಪಟ್ಟಿಯೂ ತೋರಿಸುವುದಿಲ್ಲ. ತಯಾರಿ, ಪ್ರಯಾಣ, ಸಭೆ ಎಲ್ಲವೂ ಸೇರಿ ವಾರಕ್ಕೆ ಆರು ಗಂಟೆ ಮೀರದಿರಲಿ. ಬಾಕಿ ವಿಷಯ ಮುಗಿಯುವವರೆಗೆ ನಾಲ್ಕು ಸಾಕು.

ಯಾವುದನ್ನು ಇಟ್ಟುಕೊಳ್ಳಬೇಕೆಂದು ನೀವು ನನ್ನನ್ನು ಕೇಳಿಲ್ಲ, ಆದರೂ ಹೇಳುತ್ತೇನೆ: ಸಂಜೆ ಪಾಠ. ಸಂಡೇ ಸ್ಕೂಲಿಗೆ ಸಭೆಯಲ್ಲಿ ಬೇರೆ ಕೈಗಳು ಸಿಗುತ್ತವೆ. ವೃದ್ಧಾಶ್ರಮಕ್ಕೆ ಹಗಲು ಬಿಡುವಿರುವ, ಬದುಕನ್ನು ಹೆಚ್ಚು ಕಂಡ ನಡುವಯಸ್ಸಿನವರು ನಿಮಗಿಂತ ಹೊಂದುತ್ತಾರೆ. ಗಣಿತ ವಿಜ್ಞಾನ ಬಲ್ಲ, ಕಲಿಯುವ ಕಷ್ಟವನ್ನು ಇನ್ನೂ ಮರೆಯದ ವಿದ್ಯಾರ್ಥಿನಿಯ ಅಗತ್ಯವಿರುವುದು ಮಕ್ಕಳಿಗೆ.

ಆದರೆ ಸಂಜೆ ಪಾಠದಲ್ಲಿ ಒಂದು ಅಪಾಯವಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾಲೇಜು ವಿದ್ಯಾರ್ಥಿಗಳು ಜೂನ್‌ನಲ್ಲಿ ಸಂಭ್ರಮದಿಂದ ಶುರುಮಾಡಿ, ಆಂತರಿಕ ಪರೀಕ್ಷೆ ಬಂದಾಗ ಎರಡು ವಾರ, ಸೆಮಿಸ್ಟರ್ ಪರೀಕ್ಷೆ ಬಂದಾಗ ಒಂದೂವರೆ ತಿಂಗಳು ಕಾಣೆಯಾಗುತ್ತಾರೆ. ಕಷ್ಟವೆಂದರೆ ಆ ಮಕ್ಕಳಿಗೂ ಸುಮಾರು ಅದೇ ಹೊತ್ತಿಗೆ ಪರೀಕ್ಷೆ. ಮೊದಲೇ ಹಲವರು ಬಂದು ಹೋದದ್ದನ್ನು ಕಂಡಿರುವ ಮಗು ಇನ್ನೊಬ್ಬ ಅಕ್ಕನೂ ಬರುವುದನ್ನು ನಿಲ್ಲಿಸಿದಾಗ ಏನೂ ಕೇಳುವುದಿಲ್ಲ, ಮುಂದೆ ಬರುವವರನ್ನು ನಂಬುವುದಿಲ್ಲ, ಅಷ್ಟೇ. ಆದ್ದರಿಂದ ಮೊದಲ ದಿನ ಮಕ್ಕಳ ಮುಂದೆ ನಿಲ್ಲುವುದಕ್ಕೂ ಮುಂಚೆ ಕಾಲೇಜಿನ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ನೀವು ಬರಲಾಗದ ವಾರಗಳನ್ನು ಗುರುತಿಸಿ, ಆ ವಾರಗಳಿಗೆ ಇನ್ನೊಬ್ಬರ ಹೆಸರನ್ನು ಬರೆಯಿರಿ. ಹೆಸರು ಸಿಗದಿದ್ದರೆ ಆ ಪಾಠವನ್ನು ಇನ್ನೂ ಆರಂಭಿಸಬಾರದು.

ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ನಾವು ಸಾಮಾನ್ಯವಾಗಿ ಕನಿಕರದ ಕಥೆಯಾಗಿ ಓದಿ ಅಲ್ಲಿಗೇ ನಿಲ್ಲಿಸುತ್ತೇವೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕಥೆ ಮುಂದೆಯೂ ಇದೆ. ಅವನು ಗಾಯಗಳಿಗೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ಪಶುವಿನ ಮೇಲೆ ಹತ್ತಿಸಿ ಛತ್ರಕ್ಕೆ ಕರೆತಂದು ಆರೈಕೆ ಮಾಡಿದ; ಮರುದಿನ ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ನಾನು ಹಿಂತಿರುಗಿ ಬಂದಾಗ ಕೊಡುತ್ತೇನೆ ಎಂದು ಹೇಳಿ ಹೊರಟ. ಅವನಿಗೂ ಒಂದು ಪ್ರಯಾಣವಿತ್ತು. ಅದನ್ನು ಅವನು ಕೈಬಿಡಲಿಲ್ಲ, ಗಾಯಾಳುವನ್ನೂ ಕೈಬಿಡಲಿಲ್ಲ. ನಂಬಿಕಸ್ಥನೊಬ್ಬನಿಗೆ ಒಪ್ಪಿಸಿದ, ಖರ್ಚಿಗೆ ಕೊಟ್ಟ, ಮತ್ತೆ ಬರುತ್ತೇನೆಂದು ಮಾತು ಕೊಟ್ಟ. ಓದುತ್ತಿರುವವರ ಸೇವೆಗೆ ಇದಕ್ಕಿಂತ ನೇರವಾದ ಮಾದರಿಯನ್ನು ನಾನು ಸತ್ಯವೇದದಲ್ಲಿ ಕಂಡಿಲ್ಲ.

ಒಪ್ಪಿಸಿ ಹೋಗುವುದೆಂದರೆ ಏನು ಎಂಬುದಕ್ಕೆ ಒಂದು ಚಿಕ್ಕ ನಿದರ್ಶನ ಕೊಡುತ್ತೇನೆ. 52ರಿಂದ 27ನ್ನು ಕಳೆಯಲು ಹೇಳಿದಾಗ ಮಗು 35 ಎಂದು ಬರೆಯಿತು ಎನ್ನಿ. ಅದು ಅಜಾಗರೂಕತೆಯಲ್ಲ, 2ರಿಂದ 7 ಹೋಗುವುದಿಲ್ಲವಾದ್ದರಿಂದ ಮಗು 7ರಿಂದ 2ನ್ನು ಕಳೆದಿದೆ, ಅದಕ್ಕೆ ದಶಕವನ್ನು ಬಿಡಿಸಿಕೊಳ್ಳುವುದು ಗೊತ್ತಿಲ್ಲ. ಹತ್ತು ಹತ್ತು ಕಡ್ಡಿಗಳ ಕಟ್ಟು ಮಾಡಿ, ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಇಟ್ಟು, ಮಗುವಿನ ಕೈಯಿಂದಲೇ ಒಂದು ಕಟ್ಟನ್ನು ಬಿಚ್ಚಿಸಿ ಹನ್ನೆರಡರಿಂದ ಏಳನ್ನು ತೆಗೆಸಬೇಕು. ಇಷ್ಟನ್ನು ನೀವು ಕಂಡುಕೊಳ್ಳಲು ಎರಡು ಸಂಜೆ ಹಿಡಿದಿರುತ್ತದೆ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಆ ಮಗುವಿನ ಪುಟದಲ್ಲಿ ಮೂರು ಸಾಲಾಗಿ ಬರೆದಿಟ್ಟರೆ, ನಿಮ್ಮ ಪರೀಕ್ಷೆಯ ವಾರದಲ್ಲಿ ಬರುವವರು ಅಲ್ಲಿಂದಲೇ ಮುಂದುವರಿಸುತ್ತಾರೆ; ಬರೆಯದಿದ್ದರೆ ಅವರು ಮತ್ತೆ ಎರಡರ ಮಗ್ಗಿಯಿಂದ ಶುರುಮಾಡುತ್ತಾರೆ, ಮಗು ಬೇಸತ್ತು ಬರುವುದನ್ನೇ ಬಿಡುತ್ತದೆ. ಪ್ರತಿ ಮಗುವಿಗೂ ಒಂದು ಪುಟ ಇರಲಿ. ಹಾಜರಿ ಪುಸ್ತಕಕ್ಕಿಂತ ಇದು ಮುಖ್ಯ.

ಮಕ್ಕಳ ಜೊತೆ ಕೆಲಸ ಮಾಡುವುದಾದರೆ ರಾಜಿಯಿಲ್ಲದ ಕೆಲವು ನಿಯಮಗಳಿವೆ. ಪಾಠ ನಡೆಯುವಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಒಂದು ಮಗುವಿನೊಂದಿಗೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭವೇ ಬರಬಾರದು. ಹೆತ್ತವರ ಒಪ್ಪಿಗೆ ಬರವಣಿಗೆಯಲ್ಲಿರಲಿ. ಮಕ್ಕಳ ಫೋಟೊ ತೆಗೆದು ಹಂಚಬೇಡಿ, ಸಭೆಯ ವರದಿಗೆಂದು ಕೇಳಿದರೂ ಕೊಡಬೇಡಿ; ತಾನು ಬಡವನೆಂದು ಊರಿಗೆಲ್ಲ ತೋರಿಸುವ ಚಿತ್ರದಲ್ಲಿ ನಿಲ್ಲಲು ಯಾವ ಮಗುವೂ ಒಪ್ಪಿಗೆ ಕೊಟ್ಟಿರುವುದಿಲ್ಲ. ಮನೆಯಲ್ಲಿ ಹೊಡೆತ ಅಥವಾ ಅದಕ್ಕಿಂತ ಕೆಟ್ಟದ್ದನ್ನು ಮಗು ಹೇಳಿಕೊಂಡರೆ ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಕೊಡಬೇಡಿ. ಅದೇ ದಿನ ಜವಾಬ್ದಾರಿಯುತ ಹಿರಿಯರಿಗೆ ತಿಳಿಸಿ, ಅವರು ಸುಮ್ಮನಿದ್ದರೆ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಿ. ಹಣ ನಿಮ್ಮ ಕೈಯಿಂದ ಹೋಗಬಾರದು. ಪುಸ್ತಕ ಪೆನ್ಸಿಲ್ ಬೇಕಾದರೆ ಸಭೆಯ ಲೆಕ್ಕದಿಂದ, ರಸೀದಿಯೊಂದಿಗೆ ಬರಲಿ.

ಇನ್ನೊಂದು ಮಾತು ನಮ್ಮವರಲ್ಲಿ ಕೆಲವರಿಗೆ ರುಚಿಸದು. ಪಾಠಕ್ಕೆ ಬರುವ ಮಗುವಿನಿಂದಾಗಲಿ ಅದರ ಮನೆಯವರಿಂದಾಗಲಿ ಪ್ರಾರ್ಥನೆ, ಆರಾಧನೆಗೆ ಹಾಜರಿ, ನಂಬಿಕೆ ಇವನ್ನು ಪ್ರತಿಯಾಗಿ ಕೇಳಬಾರದು, ನಿರೀಕ್ಷಿಸುತ್ತಿರುವಂತೆ ತೋರಲೂಬಾರದು. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಹಿಂತಿರುಗಿ ಬಂದು ದೇವರನ್ನು ಕೊಂಡಾಡಿದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ, ಆದರೆ ಅವರಿಗೆ ಕೊಟ್ಟ ಸ್ವಸ್ಥತೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೀವು ಯಾಕೆ ಬರುತ್ತೀರಿ ಎಂದು ಯಾರಾದರೂ ಕೇಳಿದರೆ ನಿಮ್ಮ ನಂಬಿಕೆಯನ್ನು ಮುಚ್ಚಿಡದೆ ಒಂದು ಮಾತಿನಲ್ಲಿ ಹೇಳಿ. ಆಮೇಲೆ ಕಳೆಯುವ ಲೆಕ್ಕಕ್ಕೆ ಮರಳಿ.

ಪ್ರಾರ್ಥನೆ ಒಣಗಿರುವುದಕ್ಕೆ ಬರುತ್ತೇನೆ. ನೀವು ಸತ್ಯವೇದವನ್ನು ತೆರೆಯುವುದು ಯಾವಾಗ ಎಂದು ಒಂದು ವಾರ ಗಮನಿಸಿ. ಯೌವನಸ್ಥರ ಕೂಟದಲ್ಲಿ ಮಾತಾಡಲು, ಪಾಠ ಹೇಳಲು, ಹಾಡು ಆರಿಸಲು ಮಾತ್ರ ತೆರೆಯುತ್ತಿದ್ದರೆ, ನೀವು ಓದುತ್ತಿರುವುದು ಇನ್ನೊಬ್ಬರಿಗೆ ಕೊಡುವುದಕ್ಕಾಗಿ. ನಿಮಗೆಂದು ಅದರಲ್ಲಿ ಏನೂ ಉಳಿಯುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ, ಯಾರಿಗೂ ಹೇಳಬೇಕಿಲ್ಲದ ಭಾಗವನ್ನು ಓದಿ, ಕೀರ್ತನೆಗಳಿಂದ ಆರಂಭಿಸಬಹುದು. ಹದಿಮೂರನೆಯ ಕೀರ್ತನೆ ಎಷ್ಟು ಕಾಲ ನನ್ನನ್ನು ಮರೆತಿರುವಿ ಎಂಬ ದೂರಿನಿಂದಲೇ ಶುರುವಾಗುತ್ತದೆ, ಅದೂ ಪ್ರಾರ್ಥನೆಯೇ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಮುಂಜಾನೆ ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋದದ್ದು ನಮಗೆ ಪರಿಚಿತ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಸೀಮೋನನು ಬಂದು ಕರೆದಾಗ ಅವನು ಆ ಜನರ ಬಳಿಗೆ ಮರಳದೆ ಬೇರೆ ಊರುಗಳಿಗೆ ಹೋಗೋಣ ಎಂದದ್ದನ್ನು ಸೇವಾಸಕ್ತರು ಅಷ್ಟಾಗಿ ನೆನೆಯುವುದಿಲ್ಲ. ಕರೆದವರೆಲ್ಲರ ಬಳಿಗೂ ಅವನು ಹೋಗಲಿಲ್ಲ.

ಒಣಗಿದ ಪ್ರಾರ್ಥನೆಗೆ ಮದ್ದೆಂದು ಉಪವಾಸ, ರಾತ್ರಿ ಜಾಗರಣೆಗಳನ್ನು ಈಗ ಸೇರಿಸಿಕೊಳ್ಳಬೇಡಿ. ಆಕ್ಸ್‌ಫರ್ಡ್‌ನಲ್ಲಿ 1729ರ ಸುಮಾರಿಗೆ ಜಾನ್ ಮತ್ತು ಚಾರ್ಲ್ಸ್ ವೆಸ್ಲಿ ಸಹೋದರರ ಸುತ್ತ ಸೇರಿದ ಗುಂಪು ಗ್ರೀಕ್ ಹೊಸ ಒಡಂಬಡಿಕೆಯನ್ನು ಓದುತ್ತಿತ್ತು, ವಾರಕ್ಕೆ ಎರಡು ದಿನ ಉಪವಾಸ ಮಾಡುತ್ತಿತ್ತು, 1730ರಿಂದ ಸೆರೆಮನೆಯ ಕೈದಿಗಳನ್ನು ಭೇಟಿಮಾಡುತ್ತಿತ್ತು. ಸೆರೆಮನೆಯ ದಾರಿ ತೋರಿಸಿದ ವಿಲಿಯಂ ಮಾರ್ಗನ್ ಎಂಬ ವಿದ್ಯಾರ್ಥಿ ಕಾಯಿಲೆಬಿದ್ದು 1732ರಲ್ಲಿ ತೀರಿಕೊಂಡಾಗ, ಅತಿಯಾದ ಉಪವಾಸವೇ ಅವನನ್ನು ಕೊಂದಿತೆಂಬ ಮಾತು ಹಬ್ಬಿತು. ಜಾನ್ ವೆಸ್ಲಿ ಮಾರ್ಗನ್‌ನ ತಂದೆಗೆ ದೀರ್ಘವಾದ ಪತ್ರ ಬರೆದು ಅದನ್ನು ಅಲ್ಲಗಳೆಯಬೇಕಾಯಿತು. ಕಾರಣ ಏನೇ ಇರಲಿ, ಆ ತಂದೆಯ ಆತಂಕ ನನಗೆ ಅರ್ಥವಾಗುತ್ತದೆ. ಏಳು ಗಂಟೆ ನಿದ್ದೆ ಮಾಡಿ. ಅದಕ್ಕೂ ಸಮಯ ಸಾಲದಿದ್ದರೆ ಕಡಿಮೆ ಮಾಡಬೇಕಾದದ್ದು ಸೇವೆಯ ಗಂಟೆ, ನಿದ್ದೆಯಲ್ಲ. ಇಷ್ಟೆಲ್ಲ ಮಾಡಿಯೂ ಎರಡು ಮೂರು ವಾರ ಊಟ, ನಿದ್ದೆ, ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ ಅದನ್ನು ವಿಶ್ವಾಸದ ಕೊರತೆಯೆಂದು ಎಣಿಸದೆ ವೈದ್ಯರನ್ನು ನೋಡಿ.

ತಂದೆತಾಯಿಯ ಬಳಿ ಸೇವೆಯ ಮಹತ್ವವನ್ನು ವಾದಿಸಲು ಹೋಗಬೇಡಿ; ಅವರ ಬೇಸರ ಸೇವೆಯ ಮೇಲಿನದಲ್ಲ, ಬಾಕಿ ಉಳಿದ ವಿಷಯದ ಮೇಲಿನದು. ಆ ಪರೀಕ್ಷೆಯ ದಿನಾಂಕ, ಅದಕ್ಕೆ ಓದುವ ದಿನಗಳು, ಮಕ್ಕಳ ಪಾಠದ ಎರಡು ಸಂಜೆಗಳು, ಮನೆ ಸೇರುವ ಹೊತ್ತು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಫಲಿತಾಂಶ ಮತ್ತೆ ಕೆಟ್ಟರೆ ಒಂದು ಸೆಮಿಸ್ಟರ್ ಪೂರ್ತಿ ಸೇವೆ ನಿಲ್ಲಿಸುತ್ತೇನೆಂದು ನೀವಾಗಿಯೇ ಹೇಳಿ, ಹೇಳಿದಂತೆ ನಡೆಯಿರಿ.

ಸಭಾಪಾಲಕರಿಗೆ ಆಗದು ಎನ್ನುವುದು ನಿಮಗೆ ಇದೆಲ್ಲಕ್ಕಿಂತ ಕಷ್ಟವೆನ್ನಿಸುತ್ತಿರಬಹುದು. ಭಾನುವಾರ ಆರಾಧನೆ ಮುಗಿದ ಗದ್ದಲದಲ್ಲಿ ಹೇಳಬೇಡಿ; ವಾರದ ಮಧ್ಯದಲ್ಲಿ ಸಮಯ ಕೇಳಿ ಹೋಗಿ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ವಿಧವೆಯರಿಗೆ ದಿನದಿನದ ಹಂಚಿಕೆ ಸರಿಯಾಗಿ ತಲುಪುತ್ತಿಲ್ಲವೆಂಬ ದೂರು ಬಂದಾಗ, ಅಪೊಸ್ತಲರು ಅದನ್ನೂ ತಾವೇ ಮೈಮೇಲೆ ಹಾಕಿಕೊಳ್ಳದೆ ಏಳು ಮಂದಿಯನ್ನು ಆರಿಸಲು ಹೇಳಿದರು ಎಂಬುದು ಸಭಾಪಾಲಕರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ನೆನಪಿಸಿದರೆ ಸಾಕು. ಅಯ್ಯನವರೇ, ಮೂರನ್ನೂ ಅರೆಬರೆ ಮಾಡುವುದಕ್ಕಿಂತ ಒಂದನ್ನು ಮಾರ್ಚ್‌ವರೆಗೆ ತಪ್ಪದೆ ಮಾಡುತ್ತೇನೆ, ನನ್ನ ಪರೀಕ್ಷೆಯ ವಾರಗಳು ಇವು, ಆಗ ಬರಲು ಇನ್ನೊಬ್ಬರನ್ನು ಸಭೆಯಿಂದ ಕೊಡಿ ಎಂದು ನೇರವಾಗಿ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ಕೆಲವರು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಇನ್ನೊಬ್ಬರನ್ನು ಕೊಡಲಾಗದು, ಒಬ್ಬಳೇ ನಡೆಸು ಎಂದು ಹೇಳಿದರೆ ಸಂಜೆ ಪಾಠವನ್ನು ಈ ವರ್ಷ ವಹಿಸಿಕೊಳ್ಳಬೇಡಿ. ಅದರ ಬದಲು ಸಂಡೇ ಸ್ಕೂಲಿನಲ್ಲಿ ಈಗಾಗಲೇ ಕಲಿಸುತ್ತಿರುವವರ ಜೊತೆ ಸಹಾಯಕಳಾಗಿ ತಿಂಗಳಿಗೆ ಎರಡು ಭಾನುವಾರ ಕುಳಿತುಕೊಳ್ಳುತ್ತೇನೆಂದು ಹೇಳಿ ಬನ್ನಿ.